ಕಂಕುಳಲ್ಲಿದ್ದ ಟೋಪಿ

ಜಮಖಂಡಿ
೧೨ ಡಿಸೆಂಬರ್ ೨೦೨೪, ಗುರುವಾರ

ಪ್ರೀತಿಯ ತಮ್ಮ ಅಜಿತನಿಗೆ, ಅಣ್ಣನ ಆಶೀರ್ವಾದಗಳು.

ನಿನ್ನ ಮೊಣಕಾಲು ಹೇಗಿದೆ? ಚಳಿ ಬಿದ್ದರೆ ಅದು ಹೆಚ್ಚು ಕಾಡುತ್ತದೆ ಎಂದು ಬಲ್ಲೆ. ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೋ ಎಂದರೆ ನೀನು ಕೇಳುವ ಪೈಕಿ ಅಲ್ಲ, ಊರ ಮಕ್ಕಳಿಗೆಲ್ಲ ವ್ಯಾಯಾಮ ಹೇಳಿಕೊಡುವ ಮಾಸ್ತರರು ತಮ್ಮ ಕಾಲಿಗೆ ಮಾತ್ರ ರಜೆ ಕೊಟ್ಟಿರುತ್ತಾರೆ. ಕಾಂಚನಾಳ ಬಿ.ಪಿ. ಗುಳಿಗೆ ತಪ್ಪದಂತೆ ನೋಡಿಕೋ. ಇಲ್ಲಿ ಗಂಡ-ಹೆಂಡತಿ ಇಬ್ಬರೇ, ನಾನು, ನಿನ್ನ ವೈನಿ ಇದ್ದೇವೆ. ಆರಾಮ ಎಂದು ಬರೆದರೆ ಸುಳ್ಳಾದೀತು. ಫೋನು ಮಾಡಿದಾಗಲೆಲ್ಲ ಕಾಂಚನಾ ಎತ್ತಿಕೊಂಡು "ಅವರು ಹೊರಗ ಹೋಗ್ಯಾರ್ರಿ ಭಾವಾರ" ಎನ್ನುತ್ತಾಳೆ, ಹಿಂದಿನಿಂದ ನಿನ್ನ ಕೆಮ್ಮು ಕೇಳುತ್ತದೆ. ಐವತ್ತು ವರ್ಷದಿಂದ ಕೇಳಿದ ಕೆಮ್ಮು ನನಗೆ ಗೊತ್ತಾಗುವುದಿಲ್ಲವೇನೋ? ಪಾಪ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿಸಬೇಡ. ಅದಕ್ಕೇ ಈ ಪತ್ರ. ಜಮಖಂಡಿಯಿಂದ ಬನಹಟ್ಟಿಗೆ ಬಸ್ಸಿನಲ್ಲಿ ಕೂತರೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿದರೂ ಒಂದು ತಾಸಿನ ದಾರಿ, ಬಂದು ಬಾಗಿಲು ಬಡಿಯುವ ಧೈರ್ಯ ನನಗಿಲ್ಲ.

ಸುದ್ದಿ ಏನೆಂದರೆ, ಮೊನ್ನೆ ಮಂಗಳವಾರ ಇಲ್ಲಿ ಈ ವರ್ಷದ ಹುಡುಗಿಯರ ಜಿಲ್ಲಾ ಸಾಫ್ಟ್‌ಬಾಲ್ ಫೈನಲ್ ಆಯಿತು. ಅಂಪೈರ್ ಆಗಿ ಬರಲು ನನಗೆ ಹೇಳಿಕಳಿಸಿದ್ದರು. ಬೆನ್ನು ನೋವು ಎಂದು ತಪ್ಪಿಸಿಕೊಂಡೆ, ಆದರೆ ಕಾಲು ಕೇಳಲಿಲ್ಲ, ಹೋಗಿ ತಂತಿಬೇಲಿಯ ಹೊರಗೆ ನಿಂತೆ. ಚಿಮ್ಮಡದ ಮನೀಷಾ ನೆನಪಿರಬೇಕಲ್ಲ, ನಮ್ಮಿಬ್ಬರ ಶಿಬಿರದಲ್ಲಿ ಅಂಪೈರಿಂಗ್ ಕಲಿತ ಹುಡುಗಿ, ಅವಳು ಹೋಮ್ ಪ್ಲೇಟಿನ ಹಿಂದೆ ಇದ್ದಳು. ಐದನೇ ಇನ್ನಿಂಗ್ಸಿನಲ್ಲಿ ಓಡಿಬಂದ ಹುಡುಗಿಗೆ ಔಟ್ ಕೊಟ್ಟಳು. ಕೊಟ್ಟವಳು ಸ್ವಲ್ಪ ತಡೆದಳು. ಟೈಮ್ ಎಂದು ಕೂಗಿ, ಮಾಸ್ಕ್ ತೆಗೆದು, ಬೇಸ್ ಅಂಪೈರನ ಹತ್ತಿರ ನಡೆದುಹೋಗಿ, ಆಟಗಾರ್ತಿಯರಿಗೆ ಬೆನ್ನು ಮಾಡಿ ಏನೋ ಕೇಳಿದಳು. ತಿರುಗಿ ಬಂದು ಸೇಫ್ ಎಂದಳು. ಜನ ಗದ್ದಲ ಮಾಡಿದರು, ಬೇಲಿಯ ಹತ್ತಿರ ಶೇಂಗಾ ಮಾರುವವನು ಸಹ ತನ್ನದೊಂದು ಇರಲಿ ಎಂದು ಕೂಗಿದ. ಎಲ್ಲ ಸೇರಿ ಎರಡು ನಿಮಿಷ. ಆಮೇಲೆ ಆಟ ಎಂದಿನಂತೆ ನಡೆಯಿತು. ನನ್ನ ಪಕ್ಕದಲ್ಲಿ ನಿಂತಿದ್ದ ಯಾರೋ "ಛಲೋ ಹುಡುಗಿರಿ, ಗೊತ್ತಾಗ್ಲಿಲ್ಲ, ಕೇಳಿ ಹೇಳಿದ್ಲು" ಅಂದರು. ಅವಳ ಮಾನ ಹೋಗಲಿಲ್ಲ ಅಜಿತ.

ಹೋದ ವರ್ಷದ ಫೈನಲ್ಲಿನ ವರದಿಯನ್ನು ಸಂಘಟಕರಿಗೆ ನಾನು ಬರೆದುಕೊಟ್ಟಿದ್ದೆ. ಅದರಲ್ಲಿ ಸುಳ್ಳಿತ್ತು. ನಿನಗೆ ಗೊತ್ತಿದ್ದದ್ದೇ ಆದರೂ ಈಗ ಖರೆಯದನ್ನು ನಿನಗೇ ಬರೆಯುತ್ತೇನೆ, ಬೇಸರವಿಲ್ಲದೆ ಓದು. ಮುಧೋಳದ ಮೈದಾನ, ಬನಹಟ್ಟಿಗೂ ಬೀಳಗಿಗೂ ಪಂದ್ಯ. ಗೆದ್ದವರು ವಿಭಾಗ ಮಟ್ಟಕ್ಕೆ ಹೋಗುವವರು. ನಮ್ಮ ಪ್ರಣೀತಾ ಬನಹಟ್ಟಿಯ ತಂಡದಲ್ಲಿದ್ದಳು, ಪಿ.ಯು. ಎರಡನೇ ವರ್ಷ, ಅವಳಿಗೆ ಅದೇ ಕೊನೆಯ ಅವಕಾಶ. ಮೇಲಿನ ಮಟ್ಟದ ಪ್ರಮಾಣಪತ್ರ ಸಿಕ್ಕರೆ ಕ್ರೀಡಾ ಕಾಲೇಜಿಗೆ ಅರ್ಜಿ ಹಾಕಿ, ನಿನ್ನ ಹಾಗೆ, ನನ್ನ ಹಾಗೆ ಪಿ.ಟಿ. ಟೀಚರ್ ಆಗಬೇಕೆಂದಿದ್ದಳು. ಬರಬೇಕಾದ ಇನ್ನೊಬ್ಬ ಅಂಪೈರ್ ಬರಲಿಲ್ಲ. ನೀನು ಸ್ಪಷ್ಟವಾಗಿ ಹೇಳಿದೆ, "ಅಣ್ಣಾ, ನಾ ಒಲ್ಲೆ, ಮಗಳು ಆಡಾಕತ್ತಾಳ." ನಾನೇ ನಿನ್ನ ಬಾಯಿ ಮುಚ್ಚಿಸಿದೆ. ನಿಯಮ ಇರುವಲ್ಲಿ ಮಗಳೆಲ್ಲಿ ಬಂದಳು ಎಂದು ದೊಡ್ಡ ಮಾತು ಆಡಿ ನಿನ್ನನ್ನು ಬೇಸ್ ಅಂಪೈರ್ ಆಗಿ ನಿಲ್ಲಿಸಿದೆ, ನಾನು ಪ್ಲೇಟಿಗೆ ಬಂದೆ. ಬೀಳಗಿಯ ಕೋಚ್ ಬಾಳೇಶ ನಗುತ್ತಲೇ "ಗುರುಗಳ, ಇವತ್ತ ಮೈದಾನದಾಗ ಎಲ್ಲಾ ನಿಮ್ಮ ಮನಿ ಮಂದೀನ ಅದಾರಲ್ರಿ" ಅಂದ. ಅವನು ಚೇಷ್ಟೆಗೆ ಅಂದದ್ದು. ನನಗೆ ಅದು ಆಟ ಮುಗಿಯುವವರೆಗೂ ಕಿವಿಯಲ್ಲಿ ಕೂತಿತ್ತು.

ಏಳನೇ, ಕೊನೆಯ ಇನ್ನಿಂಗ್ಸ್, ಬನಹಟ್ಟಿ ಒಂದು ರನ್ ಹಿಂದೆ, ಇಬ್ಬರು ಔಟ್, ಇನ್ನೊಬ್ಬಳು ಔಟಾದರೆ ಆಟ ಮುಗಿದಂತೆ, ಎರಡನೇ ಬೇಸಿನಲ್ಲಿ ಪ್ರಣೀತಾ. ಚೆಂಡು ಬಲಕ್ಕೆ ಹೋಯಿತು, ಹುಡುಗಿ ಎದ್ದುಬಿದ್ದು ಓಡಿಬಂದಳು. ಥ್ರೋ ಬಂತು, ಅವಳು ಜಾರಿ ಪ್ಲೇಟಿಗೆ ಕೈ ಚಾಚಿದಳು, ಅದನ್ನು ಮುಟ್ಟುವ ಮೊದಲೇ ತಾಗಿಸಲು ಕ್ಯಾಚರ್ ಹುಡುಗಿ ಚೆಂಡಿದ್ದ ಗ್ಲೌಸ್ ಬೀಸಿದಳು. ನಾನು ನಿಂತಿದ್ದು ಕ್ಯಾಚರಳ ಬೆನ್ನ ಹಿಂದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿಯಬೇಕಿತ್ತು, ಸರಿಯಲಿಲ್ಲ. ನನಗೆ ಕಂಡದ್ದು ಒಂದು ಬೆನ್ನು ಮತ್ತು ಒಂದಿಷ್ಟು ಧೂಳು, ಅಷ್ಟೇ. ಗ್ಲೌಸ್ ಅವಳಿಗೆ ತಾಗಿತೋ ಇಲ್ಲವೋ ನಾನು ನೋಡಲಿಲ್ಲ. ಆದರೂ ಕೈ ಮೇಲೆತ್ತಿ ಔಟ್ ಎಂದೆ. ಅವಳು ನೆಲದಿಂದಲೇ "ತಾಗಿಲ್ಲ ದೊಡ್ಡಪ್ಪಾ, ತಾಗಿಲ್ಲ" ಎಂದು ಚೀರಿದಳು. ಆಟಗಾರ್ತಿ ತಾಗಿಲ್ಲ ಅಂದರೆ ಅದು ಸಾಕ್ಷಿಯಲ್ಲ, ಎಲ್ಲರೂ ಹಾಗೇ ಅನ್ನುತ್ತಾರೆ. ನನ್ನನ್ನು ಕೆಡಿಸಿದ್ದು ಇನ್ನೊಂದು ಶಬ್ದ. ಸರ್ ಎಂದಿದ್ದರೆ ನಾನು ಯೋಚಿಸುತ್ತಿದ್ದೆನೇನೋ. ಅಷ್ಟು ಜನರ ಮುಂದೆ ದೊಡ್ಡಪ್ಪಾ ಎಂದಳು. ನನ್ನ ಕೈ ಇನ್ನಷ್ಟು ಮೇಲೆ ಹೋಯಿತು.

ಆಗ ನಿನ್ನ ಕಡೆ ನೋಡಿದೆ. ನೋಡಲಿಲ್ಲ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿದ್ದೇನೆ, ನಿನ್ನ ವೈನಿಗೂ ಹೇಳಿದ್ದೇನೆ. ನೋಡಿದೆ ಅಜಿತ. ನೀನು ಚೆಂಡೆಸೆಯುವ ಪಿಚರ್ ನಿಲ್ಲುವ ಜಾಗದ ಪಕ್ಕಕ್ಕೆ ಓಡಿಬಂದು, ಕ್ಯಾಚರಳ ಮುಖದ ಕಡೆಗೆ ನಿಂತಿದ್ದೆ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಇಪ್ಪತ್ತು ವರ್ಷ ಜೊತೆಗೆ ಅಂಪೈರಿಂಗ್ ಮಾಡುತ್ತ ನಾವೇ ಮಾಡಿಕೊಂಡ ಗುರುತು ಅದು, ನಾನು ಕಂಡಿದ್ದೇನೆ, ಬೇಕಾದರೆ ಬಂದು ಕೇಳು ಎಂದು. ಹುಡುಗರಿಗೆ ಕಲಿಸುವಾಗ ಬೋರ್ಡಿನ ಮೇಲೆ ಬರೆಯುತ್ತಿದ್ದವನು ನಾನೇ: ಜೊತೆಗಾರ ಕೇಳದೆ ಹೇಳಬಾರದು, ಕಾಣದಿದ್ದವನು ಕೇಳದೆ ಇರಬಾರದು. ನೀನು ನಿನ್ನ ಅರ್ಧ ಪಾಲಿಸಿದೆ. ನಾನು ಹತ್ತು ಹೆಜ್ಜೆ ನಡೆಯಲಿಲ್ಲ. ತಮ್ಮನನ್ನು ಕೇಳಿ ತಮ್ಮನ ಮಗಳಿಗೆ ಸೇಫ್ ಕೊಟ್ಟ ಎಂದು ಬಾಳೇಶ ಅಂದಾನು, ಊರು ಅಂದೀತು ಎಂದು ಹೆದರಿದೆ. ಇದು ನ್ಯಾಯ ಅಲ್ಲ, ನನ್ನ ಹೆಸರಿನ ಚಿಂತೆ. ಸೇಫ್ ಆಗಿದ್ದರೂ ಸಮ ಆಗುತ್ತಿತ್ತಷ್ಟೇ, ಮುಂದೆ ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ, ಆಟವಾದರೂ ಉಳಿಯುತ್ತಿತ್ತು. ಮುಖ ತಿರುಗಿಸಿ, ಪಂದ್ಯ ಮುಗಿಯಿತು ಎಂದು ಸಾರಿ, ಮೈದಾನ ಬಿಟ್ಟು ಹೊರಗೆ ನಡೆದೆ. ಅಂಪೈರ್ ಮೈದಾನ ಬಿಟ್ಟ ಮೇಲೆ ತೀರ್ಪು ಬದಲಾಗುವುದಿಲ್ಲ ಎಂದು ಗೊತ್ತಿದ್ದೇ ಬೇಗ ಬೇಗ ನಡೆದೆ.

ಗಾಡಿ ನಿಲ್ಲಿಸಿದ ಬೇವಿನ ಗಿಡದ ಕೆಳಗೆ ನೀನು ಒಂದೇ ಮಾತು ಆಡಿದೆ, "ನಿನ್ನ ಹೆಸರು ಉಳೀತು ಅಣ್ಣಾ." ಅದೇ ಕೊನೆ. ಬನಹಟ್ಟಿಯವರು ತಕರಾರು ಕೊಟ್ಟಾಗ ಸ್ಪಷ್ಟವಾಗಿ ಕಂಡು ಔಟ್ ಕೊಟ್ಟಿದ್ದೇನೆ ಎಂದು ಬರೆದು ಸಹಿ ಹಾಕಿದೆ. ಅವ್ವನ ಶ್ರಾದ್ಧಕ್ಕೆ ನೀನು ಬರಲಿಲ್ಲ. ಒಂದೇ ತಿಥಿಗೆ ಅವಳಿಗೆ ಇಲ್ಲೊಂದು ಪಿಂಡ, ಬನಹಟ್ಟಿಯಲ್ಲೊಂದು ಪಿಂಡ. ನಮ್ಮ ಜಗಳ ಬಿಡಿಸಲು ನಮ್ಮವ್ವ ತುಳಸಾಬಾಯಿ ಎರಡೂ ಊರಿಗೆ ಓಡಾಡಿರಬೇಕು, ಬದುಕಿದ್ದಾಗ ಮಾಡಿದ್ದೂ ಅದನ್ನೇ ತಾನೇ.

ನಿನ್ನೆ ರಾಮಲಿಂಗಪ್ಪನವರ ಆಫೀಸಿಗೆ ಹೋಗಿದ್ದೆ, ಆಗಿನ ಸಂಘಟಕರು ಅವರೇ. ನಾನು ನೋಡದೆ ಔಟ್ ಕೊಟ್ಟಿದ್ದೆ, ಬರೆದುಕೊಳ್ಳಿ ಎಂದೆ. ಅವರು ನಕ್ಕರು. "ಸರ, ಹ್ವಾದ ವರ್ಷದ ಮಾತ ಈಗ್ಯಾಕ್ರಿ? ಚಾ ಕುಡೀರಿ." ಕುಡಿದು ಬಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಅವ್ವ ನನ್ನನ್ನು ನೋಡಿಯೇ ಅನ್ನುತ್ತಿದ್ದಳು. ಬದಲಾಗುವುದು ಏನೂ ಉಳಿದಿಲ್ಲ. ಪ್ರಣೀತಾಳಿಗೆ ಹತ್ತೊಂಬತ್ತು ದಾಟಿತು, ಆ ಪ್ರಮಾಣಪತ್ರವನ್ನು ಇನ್ನು ಯಾರೂ ಕೊಡಲಾರರು.

ಅವಳು ದೀಪಾವಳಿಯ ಮುಂದೆ ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು, ನಿನಗೆ ಹೇಳಿದಳೋ ಇಲ್ಲವೋ. ಬಿ.ಕಾಂ. ಸೇರಿದ್ದಾಳಂತೆ, ಗ್ಲೌಸನ್ನು ಯಾರಿಗೋ ಕೊಟ್ಟುಬಿಟ್ಟಳಂತೆ. ಚಿಕ್ಕಂದಿನಲ್ಲಿ ನನ್ನ ಹೆಗಲ ಮೇಲೆ ಕೂತು "ಏ ದೊಡ್ಡಪ್ಪಾ, ನಡಿ" ಎನ್ನುತ್ತಿದ್ದ ಹುಡುಗಿ ನನ್ನ ಕಾಲು ಮುಟ್ಟಿ ನಮಸ್ಕರಿಸಿ, "ಆರಾಮ ಅದೀರೇನ್ರಿ ಸರ್" ಅಂದಳು. ಅಪ್ಪ ಆವತ್ತಿನದು ಏನಾದರೂ ಹೇಳಿದನೇ ಎಂದು ಕೇಳಿದೆ. "ಏನೂ ಹೇಳಂಗಿಲ್ರಿ. ಕೇಳಿದ್ರ, ಅಣ್ಣ ನನ್ನ ಕೇಳಿಲ್ಲ ಅಂತಾರ್ರಿ" ಎಂದು ಬಸ್ಸು ಹತ್ತಿದಳು.

ಇನ್ನು ಮುಗಿಸುತ್ತೇನೆ. ಕಾಂಚನಾಳಿಗೆ, ಪ್ರಣೀತಾಳಿಗೆ ನನ್ನ ಆಶೀರ್ವಾದ, ಅವರಿಗೆ ಬೇಕೆನಿಸಿದರೆ ಮಾತ್ರ ಹೇಳು. ನಿನ್ನ ವೈನಿ ಶೇಂಗಾದ ಹೋಳಿಗೆ ಮಾಡಿದಾಗಲೆಲ್ಲ ನಿನಗೆಂದು ಎರಡು ತೆಗೆದಿಡುತ್ತಾಳೆ, ಮರುದಿನ ಸುಮ್ಮನೆ ನನ್ನ ತಾಟಿಗೆ ಹಾಕುತ್ತಾಳೆ. ಮೊಣಕಾಲಿಗೆ ಎಣ್ಣೆ ಹಚ್ಚು. ದೇವರು ನಿಮ್ಮ ಮೂವರನ್ನೂ ತಣ್ಣಗೆ ಇಟ್ಟಿರಲಿ.

ನಿನ್ನ ಅಣ್ಣ,
ಕೃಷ್ಣಾಜಿ

ತಾ.ಕ.: ಟಪಾಲು ಚೀಲ ಕಟ್ಟುವ ಹೊತ್ತಾಗಿದೆ, ಪೋಸ್ಟಿನ ಕಟ್ಟೆಯ ಮೇಲೆ ನಿಂತೇ ಗೀಚುತ್ತಿದ್ದೇನೆ. ಇಷ್ಟುದ್ದ ಬರೆದೂ ಬರೆಯಬೇಕಾದದ್ದನ್ನು ಬರೆದಿರಲಿಲ್ಲ. ಲಕೋಟೆಯಲ್ಲಿ ನನ್ನ ವಿಳಾಸ ಬರೆದ ಒಂದು ಕಾರ್ಡು ಇಟ್ಟಿದ್ದೇನೆ. ತಾಗಿತ್ತು ಎಂದು ಬರೆದರೆ ನನಗೆ ಸಮಾಧಾನ ಆಗುವುದಿಲ್ಲ, ತಾಗಿರಲಿಲ್ಲ ಎಂದು ಬರೆದರೆ ಪ್ರಣೀತಾಳಿಗೆ ಏನೂ ಸಿಗುವುದಿಲ್ಲ, ಗೊತ್ತು. ಆದರೂ ಆ ಹತ್ತು ಹೆಜ್ಜೆ ಈಗ ನಡೆದು ಬಂದಿದ್ದೇನೆ, ಮಾಸ್ಕ್ ತೆಗೆದಿದ್ದೇನೆ, ಮಂದಿಗೆ ಬೆನ್ನು ಮಾಡಿ ನಿಂತಿದ್ದೇನೆ. ಅಜಿತ, ನೀ ಏನ ನೋಡಿದಿ?