ಬೀಳದ ಎರಡು ತಟ್ಟೆ

ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಮುದ್ದು ತಂಗೀ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು, ನಿಮ್ಮ ಯಜಮಾನರು, ಪುಟ್ಟ ಎಲ್ಲರೂ ಹೇಗಿದ್ದೀರಿ? ಪುಟ್ಟನಿಗೆ ಹಲ್ಲು ಬಂತಾ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಫೋನು ಮಾಡಿದರೆ ಎತ್ತಲಿಲ್ಲ, ಬೈಕೊಂಡಿರ್ತೀಯ. ಬೈಕೋ. ಡಿಪೋದಲ್ಲಿ ಕೆಲಸ ಜಾಸ್ತಿ ಅಂತ ಬರೆಯೋಣ ಅಂದುಕೊಂಡೆ. ಅದೂ ನಿಜವೇ, ಬಸ್ಸಿನ ಟೈರುಗಳು ಗುಡ್ಡೆ ಬಿದ್ದಿವೆ, ಪಂಕ್ಚರ್ ಹಾಕಿ ಹಾಕಿ ಕೈಗೆ ಹತ್ತಿದ ರಬ್ಬರಿನ ವಾಸನೆ ಊಟಕ್ಕೆ ಕೂತಾಗಲೂ ಹೋಗೋದಿಲ್ಲ. ಆದರೆ ಕಾರಣ ಅದಲ್ಲ. ನಾಚಿಕೆ ಕಣೇ. ನನ್ನ ಮಗಳಾದರೂ ನಮ್ಮ ಚಿನಕುರಳಿ ನಡೆಯೋಕೆ ಕಲಿತದ್ದು ನಿನ್ನ ಬೆರಳು ಹಿಡಿದು. ಅವಳ ವಿಷಯ ನಿನಗೆ ಹೇಗೆ ಹೇಳಲಿ ಅಂತಲೇ ಇಷ್ಟು ದಿನ ತಳ್ಳಿದೆ.

ಪಂದ್ಯ ಏನಾಯ್ತು ಅಂತ ಕೇಳಿದ್ದೀಯ. ಎರಡನೇ ಬಹುಮಾನ ಬಂತು. ಗೆದ್ದ ಕಪ್ಪು ಈಗ ಬೇಕರಿಯ ಗಾಜಿನ ಬೀರುವಿನಲ್ಲಿ, ಕೇಕುಗಳ ಮಧ್ಯೆ ಕೂತಿದೆ. ನೀನು ಈ ಆಟ ಒಮ್ಮೆಯೂ ನೋಡಿಲ್ಲ, ಹೇಳ್ತೀನಿ ಕೇಳು. ತಂಡಕ್ಕೆ ನಾಲ್ವರು. ನಮ್ಮದರಲ್ಲಿ ನಾಯಕರು ಡ್ರಿಲ್ ಮೇಷ್ಟ್ರು, ಆಮೇಲೆ ಬೇಕರಿಯವನು, ನಾನು, ನಿನ್ನ ಚಿನಕುರಳಿ. ಬೆನ್ನಿಗೆ ಖಾಲಿ ಬಂದೂಕು ಬಿಗಿದುಕೊಂಡು ಓಡಬೇಕು, ಬಲೆಯ ಕೆಳಗೆ ತೆವಳಬೇಕು, ಮರಳಿನ ಮೂಟೆ ಹೊತ್ತು ಕೆಸರು ದಾಟಬೇಕು, ಕೊನೆಗೆ ಆಳೆತ್ತರ ಮೀರಿದ ಹಲಗೆಯ ಗೋಡೆ ಹತ್ತಿ ಆ ಕಡೆ ಧುಮುಕಬೇಕು. ಅಷ್ಟು ಹೊತ್ತಿಗೆ ಜೀವ ಬಾಯಿಗೆ ಬಂದಿರುತ್ತೆ. ಆಗ ಗುಂಡು ತುಂಬಿಸು, ಗುರಿ ಹಿಡಿ ಅಂತಾರೆ! ದೂರದಲ್ಲಿ ಒಬ್ಬೊಬ್ಬರಿಗೂ ಐದು ಕಬ್ಬಿಣದ ತಟ್ಟೆ ನಿಲ್ಲಿಸಿರ್ತಾರೆ, ಕೈಗೆ ಕೊಡೋದು ಐದೇ ಗುಂಡು. ತಮ್ಮ ತಮ್ಮ ತಟ್ಟೆ ತಾವೇ ಬೀಳಿಸಬೇಕು. ಒಂದೇ ತಂಡದವರಾದರೂ ಇನ್ನೊಬ್ಬರ ತಟ್ಟೆಗೆ ಹೊಡೆಯೋ ಹಾಗಿಲ್ಲ. ಹೊಡೆದದ್ದು ಗೊತ್ತಾದರೆ ಇಡೀ ತಂಡ ಹೊರಗೆ.

ಪಂದ್ಯದ ಹಿಂದಿನ ದಿನ ಮೇಷ್ಟ್ರು ಹೇಳಿಬಿಟ್ಟರು: "ಮುಂದಿನ ತಿಂಗಳ ದೊಡ್ಡ ಪಂದ್ಯಕ್ಕೆ ಒಬ್ಬರನ್ನ ಬದಲಾಯಿಸ್ತೀನಿ. ನಾಳೆ ಯಾರು ಹೆಚ್ಚು ತಟ್ಟೆ ಬೀಳಿಸದೆ ಉಳಿಸ್ತಾರೋ ಅವರ ಜಾಗಕ್ಕೆ ಹೊಸಬರು." ಎಲ್ಲರೂ ನೆಲ ನೋಡಿದರು. ನನ್ನ ಮುಖ ನೋಡಬಾರದಲ್ಲ, ಅದಕ್ಕೆ. ಮಂಡಿ ಹೋಗಿರೋದು ನನ್ನದು, ಕೈ ನಡುಗೋದು ನನ್ನದು. ಆದರೂ ಬಿಡೋಕೆ ಮನಸ್ಸಿಲ್ಲ ಕಣೇ. ನಿನ್ನ ಭಾವ ತೀರಿಹೋದ ವರ್ಷ ನಾನು ಹೇಗೆ ಮೂಲೆ ಹಿಡಿದಿದ್ದೆ, ನೀನೇ ನೋಡಿದ್ದೀಯ. ನನ್ನನ್ನ ಎಬ್ಬಿಸಿ ನಿಲ್ಲಿಸಿದ್ದು ಈ ಹುಚ್ಚಾಟವೇ. ಡಿಪೋದಲ್ಲಿ ಟೈರಮ್ಮ ಅಂತ ಕರೀತಾರೆ, ಮನೇಲಿ ಮಗಳು ಅಮ್ಮ ಅಂತಾಳೆ. ಆ ಮೈದಾನದಲ್ಲಿ ಮಾತ್ರ ನಾನು ನಾನೇ. ಇದು ಚಿನಕುರಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಓಟ, ಕೆಸರು ಎಲ್ಲ ಹೇಗೋ ಆಯ್ತು. ಗೋಡೆ ಹತ್ತೋವಾಗ ಸಿಕ್ಕಿಕೊಂಡೆ. ಇವಳು ಮೇಲೆ ಅಡ್ಡ ಮಲಗಿ ನನ್ನ ಕಾಲರ್ ಹಿಡಿದು ಎಳೆದಳು. "ಬಾರೇ ಅಮ್ಮಾ, ನೀನೇನು ಲಾರಿ ಟೈರಾ?"

"ಲಾರೀದಲ್ಲ ಕಣೇ, ಬಸ್ಸಿಂದು!" ಅಂದೆ. ಆ ಕಡೆ ಇಬ್ಬರೂ ನಗ್ತಾ ಬಿದ್ದೆವು.

ಗುಂಡಿನ ಸಾಲಲ್ಲಿ ನನ್ನ ಪಕ್ಕ ಅವಳೇ. ಮೊದಲ ಮೂರು ತಟ್ಟೆ ಟಣ್ ಟಣ್ ಅಂತ ಉರುಳಿದವು. ಆಮೇಲೆ ಉಸಿರು ನಿಲ್ಲಲಿಲ್ಲ, ಬಂದೂಕಿನ ಮೂತಿ ಕುಣಿಯೋಕೆ ಶುರುವಾಯ್ತು. ದೇವರೇ ಅಂತ ಎರಡು ಗುಂಡೂ ಬಿಟ್ಟೆ. ಎರಡೂ ತಟ್ಟೆ ಬಿದ್ದವು! ನನ್ನ ಕಣ್ಣಿಗೆ ಕಂಡದ್ದು ಅಷ್ಟೇ. ನಿಂತಲ್ಲೇ ಕುಣಿದೆ. ತಿರುಗಿ ನೋಡಿದರೆ ಇವಳ ಕೊನೆಯ ಎರಡು ತಟ್ಟೆ ಹಾಗೇ ನಿಂತಿವೆ. ಯಾವತ್ತೂ ಒಂದೂ ಬಿಡದವಳು!

ಇನ್ನು ಬರೆಯೋಕೆ ಕೈ ಬರ್ತಾ ಇಲ್ಲ. ಚಹಾದ ಮೇಜಿನ ಹತ್ತಿರ, ಎಲ್ಲ ತಂಡದವರ ಎದುರಿಗೆ ಅವಳ ಮೇಲೆ ಹರಿಹಾಯ್ದೆ. "ಎರಡು ಬಿಟ್ಟೆಯಲ್ಲೇ! ಕಣ್ಣೇನು ಮನೇಲಿ ಬಿಟ್ಟು ಬಂದಿದ್ಯಾ?"

"ಗಾಳಿ ಇತ್ತಮ್ಮ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ! ಅದೇ ಗಾಳೀಲಿ ನಿಮ್ಮಮ್ಮ ಐದೂ ಬೀಳಿಸಲಿಲ್ವಾ?"

ಜನ ಗೊಳ್ಳೆಂದರು. ಮೇಷ್ಟ್ರು ಅವಳ ಹೆಗಲ ಮೇಲೆ ಕೈಯಿಟ್ಟು, "ಈ ಸಲ ನೀನು ಸ್ವಲ್ಪ ವಿಶ್ರಾಂತಿ ತಗೋಮ್ಮ," ಅಂದರು. "ಆಯ್ತು ಸರ್," ಅಂತ ಹೇಳಿ, ನನ್ನ ಬಂದೂಕಿನ ಕೆಸರು ಒರೆಸೋಕೆ ಕೂತಳು.

ಮಾರನೇ ದಿನ ಬ್ರೆಡ್ಡು ತರೋಕೆ ಹೋದೆ. ಬೇಕರಿಯವನು ತಲೆ ಎತ್ತದೆ ಬ್ರೆಡ್ಡು ಕತ್ತರಿಸ್ತಾ ಹೇಳಿದ: "ಅಕ್ಕಾ, ನಾನು ನನ್ನದು ಮುಗಿಸಿ ನಿಮ್ಮ ಹಿಂದೆ ನಿಂತಿದ್ದೆ. ನಿಮ್ಮ ಕೊನೆಯ ಎರಡು ಗುಂಡಿಗೆ ಹಿಂದಿನ ದಿಬ್ಬದಲ್ಲಿ ಮಣ್ಣೆದ್ದಿತು. ತಟ್ಟೆ ಬಿದ್ದದ್ದು ಮಗಳ ಗುಂಡಿಗೆ. ಅವಳ ಬಂದೂಕಿನ ನಳಿಗೆ ನಿಮ್ಮ ತಟ್ಟೆಗಳ ಕಡೆ ಹೊರಳಿದ್ದು ನೋಡಿದೆ. ನಾನು ಯಾರಿಗೂ ಹೇಳಲ್ಲ. ಆದರೆ ಆ ಹುಡುಗಿಗೆ ಹಾಗೆ ಅನ್ನಬಾರದಿತ್ತು."

ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗ್ತಿದ್ದೆ. ಬ್ರೆಡ್ಡು ಅಲ್ಲೇ ಮರೆತು ಮನೆಗೆ ಬಂದೆ.

ಮನೇಲಿ ಅವಳು ಏನೂ ಆಗಿಲ್ಲದ ಹಾಗೆ ಇದ್ದಾಳೆ. ದಿನಾ ಸಂಜೆ ಎಣ್ಣೆ ಬಿಸಿ ಮಾಡಿ ತಂದು, "ಕಾಲು ನೀಡು, ದೊಡ್ಡ ಪಂದ್ಯಕ್ಕೆ ಈ ಮಂಡಿ ಸರಿಹೋಗಬೇಕಲ್ಲ," ಅಂತ ನೀವ್ತಾಳೆ. ನಿನ್ನೆ ಕಾಲು ಎಳೆದುಕೊಂಡೆ. "ನೋವಾಯ್ತಾ?" ಅಂದಳು. ಹೌದು ಅಂದೆ. ಬಾಯಿ ತೆರೆದರೆ ಅತ್ತುಬಿಡ್ತೀನಿ ಅನ್ನೋ ಭಯಕ್ಕೆ ಅಷ್ಟೇ ಹೇಳಿದೆ.

ಇವತ್ತು ಸಂಜೆ ಅಭ್ಯಾಸಕ್ಕೆ ಎಲ್ಲ ತಂಡದವರೂ ಬರ್ತಾರೆ. ಯಾರ ಎದುರಿಗೆ ಬೈದೆನೋ ಅವರ ಎದುರಿಗೇ ಹೇಳ್ತೀನಿ. ಕಪ್ಪು ವಾಪಸ್ಸು ಕೊಡಬೇಕಾಗುತ್ತೆ, ಮೇಷ್ಟ್ರ ಮುಖ ಹೇಗೆ ನೋಡಲೋ ಗೊತ್ತಿಲ್ಲ. ನಿಯಮ ಮುರಿದಳು ಅಂತ ಅವಳಿಗೂ ಶಿಕ್ಷೆ ಆಗಬಹುದು, ನನ್ನ ಮೇಲೆ ಸಿಟ್ಟೂ ಆಗಬಹುದು. ಆಗಲಿ. ಅವಳಿಗೆ ಗುರಿ ಬರೋದಿಲ್ಲ ಅಂತ ಮಾತ್ರ ಯಾರೂ ಅನ್ನಬಾರದು. ತಂಡ ಬಿಡೋದು ನಾನು.

ನೀನು ಆರೋಗ್ಯ ನೋಡಿಕೋ, ಮಗು ಮಲಗಿದಾಗ ನೀನೂ ಮಲಗು. ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ಪುಟ್ಟನಿಗೆ ನೂರು ಮುತ್ತು, ನಿನ್ನ ಮನೆ ತಣ್ಣಗಿರಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಬೇಕರಿಯವನು ಹೇಳಿದ ಮೇಲೆ ಗೊತ್ತಾಯ್ತು ಅನ್ನೋ ಹಾಗೆ ಬರೆದೆನಲ್ಲ, ಅದು ಸುಳ್ಳು. ದಿಬ್ಬದಲ್ಲಿ ಮಣ್ಣೆದ್ದದ್ದನ್ನ ನಾನೇ ನೋಡಿದ್ದೆ. ತಟ್ಟೆ ಬಿದ್ದದ್ದು ಅದಾದ ಮೇಲೆ. ಗೊತ್ತಿದ್ದೂ ಕುಣಿದೆ. ಜೋರಾಗಿ ಬೈದರೆ ಯಾರಿಗೂ ಅನುಮಾನ ಬರೋದಿಲ್ಲ ಅಂತ, ಗೊತ್ತಿದ್ದೇ ಬೈದೆ. "ಅದೇ ಗಾಳೀಲಿ" ಅಂದಾಗ ಅವಳು ತಲೆ ಎತ್ತಿ ನನ್ನ ಕಣ್ಣು ನೋಡಿದಳು. ನನಗೆ ಗೊತ್ತಿದೆ ಅನ್ನೋದು ಅವಳಿಗೆ ಆಗಲೇ ಗೊತ್ತಾಯ್ತು ಕಣೇ. ಸುತ್ತ ಜನ ನಗ್ತಾ ಇದ್ದರು. ನನ್ನ ಮಾನ ಹೋಗಬಾರದು ಅಂತ ಅವಳೂ ನಕ್ಕಳು.