ಕಚ್ಚಾ ಹೊಲಿಗೆ

ಅಂಗಡಿಯ ಹಿಂದಿನ ಕೋಣೆ,
ನವೆಂಬರ್ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡೆ ಎಂದು ಬರೆದಿದ್ದೆಯಲ್ಲ, ವಾಸಿಯಾಯಿತೇ? ಸೊಂಟನೋವು? ಕಡಲು ಕುಣಿಯುವಾಗ ದೊಡ್ಡ ಪಾತ್ರೆಯನ್ನು ಒಬ್ಬನೇ ಎತ್ತಬೇಡ. ನಾನು ಚೆನ್ನಾಗಿದ್ದೇನೆ. ಅಮ್ಮನೂ ಚೆನ್ನಾಗಿದ್ದಾಳೆ ಎಂದು ಬರೆಯಲು ಹೋದೆ, ಕೈ ಮುಂದಕ್ಕೆ ಓಡಲಿಲ್ಲ. ನೀನು ಫೋನು ಮಾಡಿದಾಗಲೆಲ್ಲ ಅವಳೇ ಎತ್ತಿ, "ಅಂಗಡಿ ಕೆಲಸ ಜೋರಾಗಿದೆ, ಈ ಸಲ ರಜೆ ಮುಂದಕ್ಕೆ ಹಾಕಿ, ಬರಬೇಡಿ" ಎಂದು ಇಟ್ಟುಬಿಡುತ್ತಾಳಲ್ಲ, ಅದು ಕೆಲಸಕ್ಕಾಗಿ ಅಲ್ಲ. ಕೂತುಕೊಂಡು ಮುಂದೆ ಓದು. ಅಮ್ಮನಿಗೆ ಸ್ತನದ ಕ್ಯಾನ್ಸರ್. ಆಪರೇಷನ್ ಆಗಿದೆ, ಎಡಗಡೆಯದನ್ನು ತೆಗೆದಿದ್ದಾರೆ. ನಾನಿದನ್ನು ಬರೆಯುವ ಹೊತ್ತಿಗೆ ಅವಳು ಬೀದಿ ಬಾಗಿಲಲ್ಲಿ ನಿಂತು ಹಾಲಿನವನಿಗೆ ಚಳಿ ಬಿಡಿಸುತ್ತಿದ್ದಾಳೆ. ಆ ದನಿ ಕೇಳಿದ್ದರೆ ನಿನಗೆ ಅರ್ಧ ಧೈರ್ಯ ಬರುತ್ತಿತ್ತು.

ಶುರುವಾದದ್ದೇ ನಗುವಿನಿಂದ. ಒಂದು ಬೆಳಿಗ್ಗೆ ಅಮ್ಮ ಬ್ಯಾಂಕಿನ ಮೇಡಂ ಅವರ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಇದ್ದಕ್ಕಿದ್ದಂತೆ "ಎದೆ ಹತ್ರ ಒಂದು ಗಂಟು ಸಿಕ್ತು ಕಣೇ" ಅಂದಳು. ನಾನು ಕೋಟನ್ನು ಕಿತ್ತುಕೊಂಡು, ಎದೆಭಾಗವನ್ನು ತಿರುಗಿಸಿ ಮುರುಗಿಸಿ ದಾರದ ಗಂಟು ಹುಡುಕಿದೆ. ಸಿಗದಿದ್ದಾಗ ಕತ್ತರಿ ಹಾಕಿ ಲೈನಿಂಗನ್ನೇ ಬಿಚ್ಚಿಬಿಟ್ಟೆ. "ಎಲ್ಲಮ್ಮಾ ಗಂಟು?" ಎಂದರೆ, "ಕೋಟಲ್ಲಿ ಅಲ್ವೇ ಕತ್ತೆ, ನನ್ನಲ್ಲಿ!" ಅಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ಅಂಗಡಿ ಮುಚ್ಚಿ ಆಸ್ಪತ್ರೆಗೆ ಹೊರಟೆವು.

ಆಮೇಲೆ ಎಲ್ಲವೂ ಓಡಿತು. ಸ್ಕ್ಯಾನ್ ಮಾಡಿದರು, ಸೂಜಿ ಚುಚ್ಚಿ ಚೂರು ತೆಗೆದರು, ವರದಿ ಬಂತು. ಡಾಕ್ಟರಮ್ಮ "ಬರೋ ವಾರಾನೇ ಆಪರೇಷನ್ ಮಾಡಿಬಿಡೋಣ" ಎಂದರು. ನಮ್ಮ ಬಾಗಿಲಿಗೆ ನೀನೇ ಬರೆದು ಹಾಕಿದ 'ಅರ್ಜೆಂಟ್ ಕೆಲಸ ತೆಗೆದುಕೊಳ್ಳುವುದಿಲ್ಲ' ಬೋರ್ಡು ಇದೆಯಲ್ಲ, ಆ ಮಾತನ್ನೇ ಅಮ್ಮ ಅಲ್ಲಿಗೂ ಹೊತ್ತುಕೊಂಡು ಹೋಗಿದ್ದಳು. "ಅರ್ಜೆಂಟಲ್ಲಿ ಮಾಡಿದ್ದು ಚೆನ್ನಾಗಿ ಬರಲ್ಲ ಡಾಕ್ಟ್ರೇ" ಅಂದಳು. ಅವರು ತಲೆ ಎತ್ತದೆ, "ಇದು ತಡ ಮಾಡಿದ್ರೆ ಚೆನ್ನಾಗಿ ಬರಲ್ಲಮ್ಮ" ಎಂದರು. ಅಮ್ಮ ಚೀಲದಿಂದ ಪೆನ್ನು ತೆಗೆದು ತಾರೀಕು ಬರೆದುಕೊಂಡಳು. ಆ ಓಟದಲ್ಲಿ ಹೆದರುವುದಕ್ಕೂ ಪುರುಸೊತ್ತಿರಲಿಲ್ಲ. ಹೆದರಿಕೆ ಎಲ್ಲೋ ಹಿಂದೆ ಉಳಿದು, ನಾವು ಮನೆಗೆ ಬಂದು ಕೂತ ಮೇಲೆ ನಿಧಾನವಾಗಿ ಬಂದು ಸೇರಿಕೊಂಡಿತು. ಅಮ್ಮ ಅಂಗಡಿಯ ಕನ್ನಡಿಗೆ ಬಟ್ಟೆ ಮುಚ್ಚಿಸಿದಳು. ಗಿರಾಕಿ ಬಂದರೆ ತೆಗೆಯಬೇಕು, ಹೋದರೆ ಮುಚ್ಚಬೇಕು. ಆಪರೇಷನ್ ಆದ ಮೇಲೆ ಕೀಮೋ ಇಂಜೆಕ್ಷನ್ನಿಗೆ ಕೂದಲು ಉದುರಿದಾಗಲೂ ಅಳಲಿಲ್ಲ, ತಾನೇ ಗುಡಿಸಿ ಹಾಕಿದಳು. ನನಗೆ ಒಂದು ಕಡೆ ನಿಲ್ಲಲು ಬರುವುದಿಲ್ಲವಲ್ಲ, ಒಂದು ಸಂಜೆ ಸೈಕಲ್ ಹತ್ತಿ ಹೋಗಿ ಸೇತುವೆಯ ಕೆಳಗೆ ನಿಂತು ಕೂಗಾಡಿ ಬಂದೆ. "ಗಂಟಲು ಯಾಕೆ ಕಟ್ಟಿದೆ?" ಎಂದು ಕೇಳಿದಳು. ಇದ್ದದ್ದನ್ನು ಹೇಳಿದೆ. "ಮುಂದಿನ ಸಲ ನನ್ನನ್ನೂ ಕರ್ಕೊಂಡು ಹೋಗು" ಅಂದಳು.

ಅವಳ ಹಳೆಯ ಅಂಗಿಗಳೆಲ್ಲ ಎಡಗಡೆ ಜೋಲುಬಿದ್ದವು. ಅಮ್ಮ ತನ್ನ ಅಳತೆಯನ್ನು ಯಾರ ಕೈಗೂ ಕೊಟ್ಟವಳಲ್ಲ. ಒಂದು ದಿನ ಟೇಪನ್ನು ನನ್ನ ಕುತ್ತಿಗೆಗೆ ಎಸೆದು, ಕನ್ನಡಿಯ ಬಟ್ಟೆಯನ್ನು ತಾನೇ ಎಳೆದು, "ತಗೋ ಅಳತೆ" ಅಂದಳು. ಗಿರಾಕಿಗಳ ಸೊಂಟದ ಸುತ್ತಳತೆಯನ್ನು ನಾನು ಜೋರಾಗಿ ಹೇಳುತ್ತೇನೆಂದು 'ನಿನ್ನ ಬಾಯಿಗೊಂದು ಗುಂಡಿ ಹೊಲೀಬೇಕು' ಎಂದು ಬೈಯುವವಳು, ಅವತ್ತು "ಹೇಗಿದೆ? ನಿಜ ಹೇಳು" ಎಂದು ಕೇಳಿದಳು. ನೋಡಿದೆ. "ಒಂದು ಕಡೆ ಚಪ್ಪಟೆ. ಗಾಯ ಕಂಕುಳವರೆಗೂ ಇದೆ. ಹೊಲಿಗೆ ಸೊಟ್ಟ, ನಾನು ಹಿಂಗೆ ಹೊಲಿದಿದ್ರೆ ನೀನು ಬಿಚ್ಚಿಸ್ತಿದ್ದೆ" ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಗಾಯವನ್ನು ಒತ್ತಿ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು. ಅಷ್ಟು ದಿನ ತಡೆದದ್ದೆಲ್ಲ ಬಂತು. ಕೊನೆಗೆ ನನ್ನ ಭುಜಕ್ಕೆ ಮುಖ ಒತ್ತಿ, "ನಿಮ್ಮಪ್ಪಂಗೆ ಹೆಂಗೆ ತೋರಿಸ್ಲೇ?" ಅಂದಳು. ಸೂಜಿಗೆ ಹೆದರದವಳು, ಕತ್ತರಿಗೆ ಹೆದರದವಳು, ನಿನ್ನ ಕಣ್ಣಿಗೆ ಹೆದರಿದ್ದಾಳೆ ಅಪ್ಪಾ. ಬರಬೇಡಿ ಎನ್ನುವುದು ಅದಕ್ಕೆ.

ಅಂಗಿ ನಾನೇ ಹೊಲಿದೆ. ಮೊದಲು ಕಚ್ಚಾ ಹೊಲಿಗೆ ಹಾಕಿ, ಅವಳಿಗೆ ತೊಡಿಸಿ ನೋಡಿ, ಆಮೇಲೆ ಮಿಷನ್ನಿಗೆ ಕೊಟ್ಟೆ. ಎಡಗಡೆ ಒಳಜೇಬು ಮಾಡಿ ಹತ್ತಿಯ ಪುಟ್ಟ ದಿಂಬು ಇಟ್ಟೆ. ಶಾಲೆಯನ್ನೇ ಅರ್ಧಕ್ಕೆ ಬಿಟ್ಟವಳು ಇದನ್ನು ಮುಗಿಸುತ್ತಾಳೆಯೇ ಎಂದು ನೀನು ಕೇಳಬಹುದು. ಮುಗಿಸಿದೆ. ಅಮ್ಮ ಒಳಹೊರಗು ಮಾಡಿ ನೋಡಿ, ಬಿಚ್ಚಿಸಲು ಏನೂ ಸಿಗದೆ, "ಪರವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಆ ಮಾತು ಎಷ್ಟು ದೊಡ್ಡದೆಂದು ನಿನಗೆ ಗೊತ್ತು. ಆದರೆ ಮಾರನೆಯ ದಿನವೇ ದಿಂಬನ್ನು ಹೊರಗೆ ತೆಗೆದಳು, "ಸೆಖೆ" ಎಂದಳು. ಈಗ ಅದು ಮೇಜಿನ ಮೇಲಿದೆ, ಸೂಜಿ ಚುಚ್ಚಿಡುತ್ತಾಳೆ. ಬೋಳುತಲೆ, ಒಂದು ಕಡೆ ಚಪ್ಪಟೆ ಎದೆ, ಹಾಗೆಯೇ ಬೀದಿಗೆ ಮುಖ ಮಾಡಿ ಮಿಷನ್ನಿಗೆ ಕೂರುತ್ತಾಳೆ. ಬ್ಯಾಂಕಿನ ಮೇಡಂ ಇಷ್ಟು ದಿನ ಇಲ್ಲೇ ಉಳಿದಿದ್ದ ಕೋಟು ಒಯ್ಯಲು ಬಂದು, ನೋಡಿ ಗಾಬರಿಯಾಗಿ, "ಏನ್ರೀ ಇದು?" ಎಂದರು. ಅಮ್ಮ ಪೆಡಲ್ ನಿಲ್ಲಿಸದೆ, "ಆಲ್ಟರೇಷನ್" ಅಂದಳು. ಅಪ್ಪಾ, ಎದ್ದು ಕುಣಿಯಬೇಕೆನಿಸಿತು. ಇವಳು ನಮ್ಮಮ್ಮ ಎಂದು ಬೀದಿಗೆಲ್ಲ ಕೇಳುವಂತೆ ಸಾರಬೇಕೆನಿಸಿತು.

ಎಲ್ಲ ಮುಗಿಯಿತು ಎಂದು ಸುಳ್ಳು ಬರೆಯಲಾರೆ. ಇಂಜೆಕ್ಷನ್ ಇನ್ನೂ ಇವೆ. ಕೊಟ್ಟ ದಿನ ಗೋಡೆ ಹಿಡಿದು ನಡೆಯುತ್ತಾಳೆ, ಕೆಲವೊಮ್ಮೆ ನನ್ನ ಮೇಲೆ ಸುಮ್ಮಸುಮ್ಮನೆ ರೇಗುತ್ತಾಳೆ. ಚಿಕಿತ್ಸೆ ಅಂದುಕೊಂಡಂತೆಯೇ ನಡೆಯುತ್ತಿದೆ ಎಂದಿದ್ದಾರೆ ಡಾಕ್ಟರಮ್ಮ, ಅಷ್ಟೇ. ನಿನಗೆ ಬರೆಯುತ್ತೇನೆ ಎಂದಾಗ ಅಮ್ಮ ಸೂಜಿಗೆ ದಾರ ಪೋಣಿಸುತ್ತ, "ಬರಿ. ಬರಬೇಡಿ ಅಂತಲೂ ಬರಿ" ಎಂದಳು.

ನಿನ್ನ ಜೊತೆ ಅಡುಗೆಮನೆಯಲ್ಲಿ ಬೆವರು ಸುರಿಸುವ ಅಣ್ಣಂದಿರಿಗೆಲ್ಲ ನಾನು ಕೇಳಿದೆನೆಂದು ಹೇಳು. ಕಡಲು ನಿನ್ನನ್ನು ಜೋಪಾನವಾಗಿ ನೋಡಿಕೊಳ್ಳಲಿ.

ನಿನ್ನ,
ಬುಗುರಿ

ಮರೆತಿದ್ದೆ: ಅವಳು ಹೇಳಿದ್ದನ್ನು ಬರೆದುಬಿಡುತ್ತೇನೆ, ಬರಬೇಡಿ. ಇದು ಅವಳ ಮಾತು. ನಾನು ಕಂಡದ್ದೂ ಒಂದಿದೆ. ಇಷ್ಟು ವರ್ಷ ನಿನ್ನ ಅಂಗಿಗಳನ್ನೆಲ್ಲ ಅವಳು ಕಚ್ಚಾ ಹಾಕದೆ ನೇರವಾಗಿ ಮಿಷನ್ನಿಗೆ ಕೊಡುತ್ತಿದ್ದಳು, ನಿನ್ನ ಅಳತೆ ಅವಳ ಬೆರಳಿಗೇ ಗೊತ್ತು. ಮೊನ್ನೆ ನೀಲಿ ಬಟ್ಟೆಯಲ್ಲಿ ನಿನಗೊಂದು ಅಂಗಿ ಕತ್ತರಿಸಿ, ಬರೀ ಕಚ್ಚಾ ಹೊಲಿಗೆ ಹಾಕಿ ಮೊಳೆಗೆ ನೇತುಹಾಕಿದ್ದಾಳೆ. ನಾನು ಮುಗಿಸಲು ಹೋದರೆ ಕೈ ಮೇಲೆ ಹೊಡೆದು, "ಹಾಕಿ ನೋಡ್ಬೇಕಲ್ವೇನೇ ಮೊದ್ಲು" ಎನ್ನುತ್ತಾಳೆ.