ನೂರ ಹದಿನೆಂಟು ನಡೆ

ಮನೆಯಿಂದ
ಹದಿನಾಲ್ಕನೇ ತಾರೀಕು, ಮಂಗಳವಾರ

ಮುದ್ದಿನ ಪುಟ್ಟೀ,

ಹೇಗಿದ್ದೀಯ? ಗಂಟಲು ಕಟ್ಟಿದೆ ಎಂದು ಹೋದ ಕಾಗದದಲ್ಲಿ ಬರೆದಿದ್ದೆ, ಈಗ ಬಿಟ್ಟಿತೇ? ನಿಮ್ಮ ಗ್ರಂಥಾಲಯದ ಹಳೇ ಪುಸ್ತಕಗಳ ಧೂಳು ಸಾಮಾನ್ಯದ್ದಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಅವುಗಳ ಹೊಲಿಗೆ ಬಿಚ್ಚು, ಬಿಸಿನೀರು ಕುಡಿ. ನಾನು ಚೆನ್ನಾಗಿದ್ದೇನೆ. ನೀನು ಹೇಳಿದ್ದಂತೆ ಕೊನೆಗೂ ಕಣ್ಣು ತೋರಿಸಿಕೊಂಡೆ. ಎರಡರಲ್ಲೂ ಪೊರೆ ಇದೆಯಂತೆ, ಎಡಗಣ್ಣಿನದು ಜಾಸ್ತಿ. ಆಪರೇಷನ್‌ಗೆ ಎರಡು ತಿಂಗಳು ಬಿಟ್ಟು ಬರಲು ಹೇಳಿದ್ದಾರೆ. ಅಕ್ಷರ ಸಾಲು ಬಿಟ್ಟು ಓಡಿದ್ದರೆ ಕಣ್ಣನ್ನು ಬೈಯಿ, ನನ್ನನ್ನಲ್ಲ. ನಿಮ್ಮಪ್ಪ ಗಟ್ಟಿಯಾಗಿದ್ದಾರೆ. ಬೈಂಡಿಂಗ್ ಅಂಗಡಿಯೂ ಎಂದಿನಂತೆ ನಡೆಯುತ್ತಿದೆ, ನಿನ್ನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ.

ನೀನು ಬಿಟ್ಟುಹೋದ ಹಳೇ ಫೋನಿನ ಸುದ್ದಿ ಬರೆಯಬೇಕು. ಮೂರು ತಿಂಗಳು ಅದು ಹಾಳೆಗಳು ಹಾರದಂತೆ ಮೇಲಿಡುವ ಭಾರವಾಗಿತ್ತು. ಆಮೇಲೆ ಒಂದು ದಿನ ಅಂಟು ಒಣಗಲು ಕಾಯುತ್ತಾ ಕೂತಿದ್ದ ನಿಮ್ಮಪ್ಪ ಅದನ್ನು ಒತ್ತಿ ಒತ್ತಿ ನಿನ್ನ ಅಂಕಿ ಆಟ ತೆರೆದುಬಿಟ್ಟರು. ಹದಿನಾರು ಮನೆ, ಹದಿನೈದು ಬಿಲ್ಲೆ, ಒಂದು ಮನೆ ಖಾಲಿ. ಬೆರಳು ತಾಗಿಸಿದರೆ ಪಕ್ಕದ ಬಿಲ್ಲೆ ಖಾಲಿ ಮನೆಗೆ ಜಾರುತ್ತದೆ, ಹಾಗೆ ಜಾರಿಸುತ್ತಲೇ ಒಂದರಿಂದ ಹದಿನೈದರವರೆಗೆ ಸಾಲಾಗಿ ತರಬೇಕು. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ. ನನಗೆ ಇದು ತಲೆಗೆ ಹೋಗಲು ಒಂದು ವಾರ ಹಿಡಿಯಿತು, ಹೇಳಿಕೊಳ್ಳಲು ಬಿಡು. ನಿಮ್ಮಪ್ಪ ಮೊದಲ ದಿನವೆಲ್ಲಾ ಹುಡುಕಿದ್ದು ಹದಿನಾರನ್ನು! ಮೂವತ್ತೈದು ವರ್ಷ ಅಚ್ಚಿನ ಹಾಳೆ ಮಡಚಿ ಹದಿನಾರು ಪುಟದ ಫಾರಂ ಮಾಡಿದ ಕೈ ಅಲ್ಲವೇ. "ಕೊನೇ ಪುಟ ಬಿಟ್ಟುಹೋಗಿದೆ, ಮಾಲು ವಾಪಸ್ ಕಳಿಸ್ಬೇಕು" ಎಂದರು. ಒಂದು ಮನೆ ಖಾಲಿ ಇರದಿದ್ದರೆ ಬಿಲ್ಲೆ ಜಾರುವುದೆಲ್ಲಿಗೆ ಎಂದು ನಾನು ಕೇಳಿದ ಮೇಲೆ ಒಪ್ಪಿಕೊಂಡರು, ಅದೂ ಅರ್ಧ ಮನಸ್ಸಿನಿಂದ.

ಈಗ ಅವರಿಗೆ ಅದರದೇ ಹುಚ್ಚು. ಪುಸ್ತಕಗಳನ್ನು ಒತ್ತುಯಂತ್ರಕ್ಕೆ ಹಾಕಿ ತಿರುಪು ಬಿಗಿದರೋ ಇಲ್ಲವೋ, ಫೋನು ಕೈಗೆ ಬರುತ್ತದೆ. ಮೇಲಿನ ಮೂಲೆಯಲ್ಲಿ "ಅತಿ ಕಡಿಮೆ ನಡೆ ೧೧೮" ಎಂದಿರುತ್ತಿತ್ತಲ್ಲ, ನೀನು ಯಾವಾಗಲೋ ಆಡಿದ್ದು. ನಿಮ್ಮಪ್ಪನದು ಇನ್ನೂರರಿಂದ ನೂರೈವತ್ತಕ್ಕೆ, ಅಲ್ಲಿಂದ ನೂರ ಮೂವತ್ತಕ್ಕೆ ಇಳಿಯಿತು. ಆಮೇಲೆ ಒಂದು ವಿಚಿತ್ರ ಶುರುವಾಯಿತು. ಎಲ್ಲ ಸರಿಯಾಗಿ ಕೂತು, ಹದಿನೈದೊಂದು ಪಕ್ಕಕ್ಕೆ ಜಾರಿದರೆ ಮುಗಿಯಿತು ಎನ್ನುವಾಗ ಆಟ ಅಳಿಸಿ ಹೊಸದು ತೆಗೆಯುತ್ತಿದ್ದರು. ದಿನಾ ಅಲ್ಲ, ಆಗೊಮ್ಮೆ ಈಗೊಮ್ಮೆ. ದಡ ಸೇರುವ ಹೊತ್ತಿಗೆ ಕೈಚೆಲ್ಲುತ್ತೀರಲ್ಲ ಎಂದು ನಾನು ರೇಗಿಸಿದರೆ, ನಿನ್ನ ಕೆಲಸ ನೋಡು ಎನ್ನುತ್ತಿದ್ದರು.

ಆ ಸ್ಮರಣ ಸಂಚಿಕೆಯ ದಿನದಿಂದ ಅವರು ನಿನ್ನ ಮಾತೇ ಎತ್ತಿರಲಿಲ್ಲ ಎನ್ನುವುದು ನಿನಗೂ ಗೊತ್ತು. ಮುನ್ನೂರು ಪ್ರತಿ ಹೊಲಿದು, ರಟ್ಟು ಅಂಟಿಸಿದ ಮೇಲೆ ನಾಲ್ಕನೇ ಫಾರಂ ಐದರ ನಂತರ ಹೋಗಿರುವುದು ಕಂಡಿತು. ಪ್ರೆಸ್ಸಿನವರು ಎದುರಿಗೇ ನಿಂತಿದ್ದರು. ನಿಮ್ಮಪ್ಪ ಅವರ ಮುಂದೆಯೇ ನಿನಗೆ "ಎಣಿಸೋಕೆ ಬರ್ದೇ ಇದ್ದೋರಿಗೆ ಈ ಮೇಜಿನ ಹತ್ರ ಕೆಲಸ ಇಲ್ಲ" ಎಂದುಬಿಟ್ಟರು. ನೀನು ಮೂರನೇ ದಿನ ಪೆಟ್ಟಿಗೆ ಕಟ್ಟಿದೆ. ಎಂಟು ತಿಂಗಳಾಯಿತು. ನಿನ್ನ ಕಾಗದ ನಾನು ಗಟ್ಟಿಯಾಗಿ ಓದುವಾಗ ಅವರು ಹಾಳೆ ಕತ್ತರಿಸುವುದನ್ನು ನಿಲ್ಲಿಸುತ್ತಾರೆ, ಓದಿ ಮುಗಿದ ಮೇಲೆ ಮತ್ತೆ ಶುರುಮಾಡುತ್ತಾರೆ. ಅಷ್ಟೇ.

ಮೊನ್ನೆ ಭಾನುವಾರ ಯಾರೋ ಬಾಗಿಲು ತಟ್ಟಿದರೆಂದು ಅವರು ಫೋನನ್ನು ಮೇಜಿನ ಮೇಲಿಟ್ಟು ಎದ್ದುಹೋದರು. ನೋಡಿದೆ, ಹದಿನೈದೊಂದೇ ಉಳಿದಿತ್ತು. ಪಾಪ, ಇದನ್ನೂ ಕೆಡಿಸಿಕೊಳ್ಳುತ್ತಾರೆ ಎಂದು ನಾನೇ ಬೆರಳು ತಾಗಿಸಿದೆ. ಪರದೆಯ ಮೇಲೆ ಬಣ್ಣದ ಚುಕ್ಕೆಗಳು ಉದುರಿದವು. ಮೂಲೆಯಲ್ಲಿ ೧೧೮ ಹೋಗಿ ೧೦೪ ಬಂದಿತ್ತು. ಖುಷಿಯಿಂದ ಕರೆದು ತೋರಿಸಿದರೆ ನಿಮ್ಮಪ್ಪನ ಮುಖ ಸಪ್ಪಗಾಯಿತು. "ಅದು ಪುಟ್ಟೀದು" ಎಂದರು. "ಅದೊಂದೇ ಇತ್ತು ಅವಳ್ದು." ಆಗ ತಿಳಿಯಿತು ನನಗೆ. ನಿನಗಿಂತ ಕಡಿಮೆ ನಡೆಯಲ್ಲಿ ಮುಗಿಯುವ ಹಾಗಾದಾಗಲೆಲ್ಲಾ ಅವರು ಬೇಕೆಂದೇ ಬಿಟ್ಟುಕೊಡುತ್ತಿದ್ದರು. ಆ ಆಟ ಒಂದೇ ಅಂಕಿಯನ್ನು ನೆನಪಿಟ್ಟುಕೊಳ್ಳುತ್ತದಂತೆ. ಅವರು ಅವತ್ತು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಇನ್ನೇನು ಬರೆಯಲಿ. ಹೊತ್ತಿಗೆ ಸರಿಯಾಗಿ ತಿನ್ನು, ಕೈಗೆ ಸೂಜಿ ಚುಚ್ಚಿಕೊಳ್ಳಬೇಡ. ಪಕ್ಕದ ಕೋಣೆಯ ಹುಡುಗಿಗೂ ನನ್ನ ನೆನಪು ಹೇಳು. ನೀನು ಎಲ್ಲಿದ್ದರೂ ತಣ್ಣಗಿರು, ನನ್ನ ಕಂದ.

ನಿನ್ನ
ಅಮ್ಮ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಸಂಚಿಕೆಗೆ ಮೇಜಿನ ಸುತ್ತ ಫಾರಂಗಳ ರಾಶಿ ಜೋಡಿಸಿದ್ದು ನಾನು. ನಾಲ್ಕರ ಜಾಗದಲ್ಲಿ ಐದು ಇಟ್ಟಿದ್ದೆ, ನೀನು ನನ್ನನ್ನು ನಂಬಿ ಸುತ್ತು ಹಾಕುತ್ತಾ ಒಂದೊಂದೇ ಎತ್ತಿಕೊಂಡೆ. ನಿಮ್ಮಪ್ಪ ನಿನ್ನನ್ನು ಬೈದ ದಿನ ಸಂಜೆ ಮೇಜು ಒರೆಸುವಾಗ ಉಳಿದ ಹಾಳೆಗಳನ್ನು ನೋಡಿ ಗೊತ್ತಾಯಿತು, ಬಾಯಿ ಬಿಡಲು ಧೈರ್ಯವಾಗಲಿಲ್ಲ. ನನ್ನ ಹೆಸರೆತ್ತದಿದ್ದರೂ ನಿನಗೂ ಗೊತ್ತಿತ್ತು, ಪುಟ್ಟೀ. ಇಲ್ಲದಿದ್ದರೆ ಹೊರಡುವಾಗ ಬಾಗಿಲಲ್ಲಿ ನಿಂತು "ಕಣ್ಣು ತೋರಿಸ್ಕೋ ಅಮ್ಮಾ" ಎಂದು ಯಾಕೆ ಹೇಳುತ್ತಿದ್ದೆ? ಇವತ್ತು ಬೆಳಿಗ್ಗೆ ನಿಮ್ಮಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಅವರು ನನ್ನನ್ನು ಬೈಯಲಿಲ್ಲ. ಆಮೇಲೆ ಮೇಜಿನ ಅಂಚಿನಲ್ಲಿ, ನೀನು ನಿಲ್ಲುತ್ತಿದ್ದ ಕಡೆ, ಪೆನ್ಸಿಲ್ಲಿನಲ್ಲಿ ೧೧೮ ಎಂದು ಬರೆದರು. "ಎಣಿಸೋಕೆ ಬರ್ದೇ ಇದ್ದಿದ್ದು ನನಗೆ ಅಂತ ಬರಿ" ಎಂದರು. "ಬರ್ತಾಳಾ ಕೇಳು." ಕೇಳುತ್ತಿದ್ದೇನೆ. ಬರುತ್ತೀಯಾ?